ಜಾಹೀರಾತಿನ ಆಟದಲ್ಲಿ ಟ್ರೇ ಯಾರ ಕೈಯಲ್ಲಿ?

ತುಮಕೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಕಳೆದ ಭಾನುವಾರ ಮಧ್ಯಾಹ್ನ ನಮ್ಮ ಮನೆ ಮೆಟ್ಟಿಲ ಮೇಲೆ ಮಕ್ಕಳು ಆಡುತ್ತಿದ್ದರು. ನನ್ನ ಮಗಳಿಗೆ ಆರು ವರ್ಷ, ಪಕ್ಕದ ಮನೆ ಹುಡುಗನಿಗೆ ಏಳು. ಇನ್ನೂ ಇಬ್ಬರಿದ್ದರು. ಏನಾಟ ಅಂತ ಕೇಳಿದರೆ "ಅಡ್ವಟೈಸ್ಮೆಂಟ್ ಆಟ" ಅಂದರು. ನಾನು ಬಟ್ಟೆ ಮಡಚುತ್ತಾ ಕಿಟಕಿಯಿಂದ ನೋಡುತ್ತಾ ಕೂತೆ.

ಹುಡುಗ ಅವರಪ್ಪನ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ, ಅದು ಮೊಣಕಾಲು ದಾಟಿ ಇಳಿದಿತ್ತು. ಅವನು ಡಾಕ್ಟರ್. ನನ್ನ ಮಗಳ ಕೈಯಲ್ಲಿ ನಮ್ಮ ಸ್ಟೀಲ್ ತಟ್ಟೆ, ಅದರ ಮೇಲೆ ಮೂರು ಲೋಟ ನೀರು. ಅವಳು ಅಮ್ಮ. ಒಂದು ಕೈಯಲ್ಲಿ ತಟ್ಟೆ ಬೀಳದ ಹಾಗೆ ಹೊಟ್ಟೆಗೆ ಒತ್ತಿ ಹಿಡಿದು, ಇನ್ನೊಂದನ್ನು ಕೆನ್ನೆ ಮೇಲಿಟ್ಟು "ನನ್ನ ಮಗ ಎತ್ತರಾನೇ ಆಗ್ತಿಲ್ಲ, ಏನ್ ಮಾಡ್ಲಿ?" ಅಂದಳು. ಡಾಕ್ಟರ್ ದನಿ ದಪ್ಪ ಮಾಡಿಕೊಂಡು "ಚಿಂತೆ ಬಿಡಿ ಅಮ್ಮಂದಿರೇ" ಅಂದ. ಥೇಟ್ ಟಿವಿಯ ಕನ್ನಡ. ಮೂರನೆಯ ಹುಡುಗ ಲೋಟದ ನೀರು ಗಟಗಟ ಕುಡಿದು, ಮೆಟ್ಟಿಲಿಂದ ಹಾರಿ, ಓಡಿ ಗೆದ್ದು ಬಂದ. ಅಮ್ಮ ಚಪ್ಪಾಳೆ ತಟ್ಟಿದಳು.

ಚೆನ್ನಾಗಿಯೇ ಆಡಿದರು. ನಾನು ಹೊರಗೆ ಹೋಗಿ "ಈಗ ನೀನು ಡಾಕ್ಟರ್ ಆಗು ಚಿನ್ನಿ" ಅಂದೆ. ಅವಳು ನನ್ನನ್ನೇ ನೋಡಿ "ನಂಗೆ ಆ ದನಿ ಬರಲ್ಲಮ್ಮ. ಡಾಕ್ಟರ್ ಅಂಕಲ್ಲೇ ಹೇಳ್ಬೇಕು" ಅಂದಳು.

ಇದನ್ನು ನಾನು ಯಾಕೆ ಇಲ್ಲಿ ಬರೆಯುತ್ತಿದ್ದೇನೆ ಅಂದರೆ, ಅವಳು ಹುಟ್ಟಿದಾಗಿನಿಂದ ನಾವು ತೋರಿಸುತ್ತಿರುವ ಮಕ್ಕಳ ಡಾಕ್ಟರ್ ಒಬ್ಬರು ಹೆಂಗಸು. ಲಸಿಕೆಗೆ, ಜ್ವರಕ್ಕೆ, ಕಿವಿನೋವಿಗೆ ಅವರ ಹತ್ತಿರವೇ ಹೋಗುವುದು. ಆರು ವರ್ಷದಲ್ಲಿ ಅವಳು ಮುಟ್ಟಿ ನೋಡಿದ ಡಾಕ್ಟರ್ ಅವರೊಬ್ಬರೇ. ಆದರೂ ಆಟಕ್ಕೆ ನಿಂತಾಗ ಕಣ್ಮುಂದೆ ಬಂದದ್ದು ಅವರಲ್ಲ, ಅರ್ಧ ನಿಮಿಷ ಟಿವಿಯಲ್ಲಿ ಬಂದು ಹೋಗುವ ಬಿಳಿ ಕೋಟಿನ ಅಂಕಲ್. ಅವತ್ತಿಂದ ಮನಸ್ಸಿಗೆ ಸಮಾಧಾನ ಇಲ್ಲ. ನಿಮ್ಮ ಮನೆಗಳಲ್ಲೂ ಹೀಗೆ ಆಗಿದೆಯಾ?

ದಾವಣಗೆರೆ ಅಪ್ಪ

ಮೇಡಂ, ತಪ್ಪು ತಿಳಿಯಬೇಡಿ. ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಅನ್ನಿಸಿತು. ನಾವು ದೂರದರ್ಶನದಲ್ಲಿ ನಿರ್ಮಾ ಹಾಡು ಕೇಳುತ್ತಲೇ ಬೆಳೆದವರು, ಸರ್ಫ್ ಜಾಹೀರಾತಿನ ಲಲಿತಾಜಿ ತರಕಾರಿ ಚೌಕಾಸಿ ಮಾಡುವುದನ್ನು ನೂರು ಸಲ ನೋಡಿದವರು. ನನ್ನ ಇಬ್ಬರು ಅಕ್ಕಂದಿರೂ ಅದನ್ನೇ ನೋಡಿದರು. ಒಬ್ಬರು ಕೆಇಬಿಯಲ್ಲಿ ಎಂಜಿನಿಯರ್ ಆದರು, ಇನ್ನೊಬ್ಬರು ಲೆಕ್ಚರರ್. ಜಾಹೀರಾತು ಅವರನ್ನು ತಡೆಯಲಿಲ್ಲ. ಮನೆಯಲ್ಲಿ ಅಪ್ಪ ಓದಿಸಿದರು, ಓದಿದರು.

ಮಗು ಕಲಿಯುವುದು ಮನೆಯಿಂದ. ನಿಮ್ಮ ಮನೆಯಲ್ಲಿ ಲೋಟ ತೊಳೆಯುವವರು ಯಾರು ಅನ್ನುವುದು ಟಿವಿಗಿಂತ ದೊಡ್ಡ ಪಾಠ. ಸರ್ಕಾರದ ಸಮಯ ಬಳಕೆ ಸಮೀಕ್ಷೆ ಇದೆಯಲ್ಲ, 2024ರದ್ದು, ಅದರಲ್ಲೇ ಇದೆ: ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಮಾಡುತ್ತಾರೆ, ಮಾಡುವ ಗಂಡಸರು 88 ನಿಮಿಷ. 2019ರಲ್ಲಿ 299 ಮತ್ತು 97 ಇತ್ತು. ಅಂದರೆ ಐದು ವರ್ಷದಲ್ಲಿ ಇಬ್ಬರದೂ ಇಳಿದಿದೆ, ನಡುವಿನ ಅಂತರ ಅಲ್ಲೇ ಇದೆ. ಇದನ್ನು ಟಿವಿ ಮಾಡಿದ್ದಲ್ಲ. ನಾವು ಮಾಡಿದ್ದು. ಟಿವಿ ನಮ್ಮನ್ನು ನೋಡಿ ಹಾಗೆ ತೋರಿಸುತ್ತಿದೆ ಅಷ್ಟೇ.

ತುಮಕೂರಿನ ಅಮ್ಮ

ಅಣ್ಣ, ನೀವು ಹೇಳುವುದರಲ್ಲಿ ಅರ್ಧ ಒಪ್ಪುತ್ತೇನೆ. ಆದರೆ ನನ್ನ ಪ್ರಶ್ನೆಯೇ ಅದು. ಡಾಕ್ಟರ್ ವಿಷಯದಲ್ಲಿ ಟಿವಿ ನಮ್ಮ ಮನೆಯನ್ನು ನೋಡಿ ತೋರಿಸಲಿಲ್ಲವಲ್ಲ. ನಮ್ಮ ಮನೆಯಲ್ಲಿದ್ದದ್ದು ಒಂದು, ಟಿವಿಯಲ್ಲಿದ್ದದ್ದು ಇನ್ನೊಂದು. ಗೆದ್ದದ್ದು ಟಿವಿ.

ಕಂಠದಾನ

ಈ ಚರ್ಚೆ ನೋಡಿ ಸುಮ್ನೆ ಇರಲು ಆಗಲಿಲ್ಲ. ನಾನು ಬೆಂಗಳೂರಿನಲ್ಲಿ ಜಾಹೀರಾತುಗಳಿಗೆ ದನಿ ಕೊಡುವವಳು. ಹದಿನಾಲ್ಕು ವರ್ಷ ಆಯಿತು. ನಿಮ್ಮ ಮಗಳು ಕೆನ್ನೆ ಮೇಲೆ ಕೈ ಇಟ್ಟು ಹೇಳಿದ ಮಾತು ಬಹುಶಃ ನನ್ನದೋ ನನ್ನ ಜೊತೆಯವರದೋ ದನಿ.

ಇದು ಹೇಗೆ ನಡೆಯುತ್ತದೆ ಹೇಳುತ್ತೇನೆ. ಹೆಚ್ಚಿನ ಜಾಹೀರಾತು ಮುಂಬೈಯಲ್ಲಿ ಹಿಂದಿಯಲ್ಲಿ ತಯಾರಾಗಿ ಬರುತ್ತದೆ. ತುಟಿ ಚಲನೆಗೆ ಹೊಂದುವ ಹಾಗೆ ಕನ್ನಡ ಸಾಲು ಬರೆದಿರುತ್ತಾರೆ. ಗಾಜಿನ ಆಚೆ ಕೂತವರು "ಸ್ವಲ್ಪ ಗಾಬರಿ ಸೇರಿಸಿ ಮೇಡಂ" ಅನ್ನುತ್ತಾರೆ. ನಾನು ಗಾಬರಿ ಸೇರಿಸುತ್ತೇನೆ. ಕಲೆ ಹೋಗುತ್ತಿಲ್ಲ ಅಂತ ಗಾಬರಿ, ಮಗು ಊಟ ಮಾಡುತ್ತಿಲ್ಲ ಅಂತ ಗಾಬರಿ, ಟಾಯ್ಲೆಟ್ಟಿನಲ್ಲಿ ಕ್ರಿಮಿ ಇದೆ ಅಂತ ಗಾಬರಿ. ಅಷ್ಟಾದ ಮೇಲೆ ನನ್ನ ಕೆಲಸ ಮುಗಿಯಿತು. ಉತ್ತರ ಹೇಳುವುದು, ಪ್ಯಾಕೆಟ್ ತೋರಿಸುವಾಗ ಬರುವ ಕೊನೆಯ ಸಾಲು ಹೇಳುವುದು, ಅದು ನನ್ನ ಪಕ್ಕದಲ್ಲಿ ಕಾಯುತ್ತಾ ಕೂತ ಗಂಡು ದನಿಗೆ. ಯಾವಾಗಲೂ ಅಲ್ಲ, ಆದರೆ ಬಹಳ ಸಲ. ಯಾಕೆ ಅಂತ ಒಮ್ಮೆ ಕೇಳಿದೆ. "ನಂಬಿಕೆ ಬರುತ್ತೆ" ಅಂದರು.

ಇನ್ನೊಂದು ವಿಷಯ. ಕುಡಿದು ಓಡಿ ಗೆಲ್ಲುವ ಆ ಹುಡುಗ ಇದ್ದಾನಲ್ಲ, ಆ ದನಿಯೂ ಎಷ್ಟೋ ಸಲ ನಮ್ಮದೇ. ಚಿಕ್ಕ ಹುಡುಗರಿಗೆ ಹೆಂಗಸರೇ ದನಿ ಕೊಡುವುದು ಈ ಕೆಲಸದಲ್ಲಿ ಮಾಮೂಲು. "ನಾನು ಗೆದ್ದೆ!" ಅಂತ ಕೂಗಿದ್ದೂ ನಾನೇ, "ನನ್ನ ಮಗ ಗೆದ್ದ" ಅಂತ ಹಿಂದೆ ನಿಂತು ಖುಷಿಪಟ್ಟಿದ್ದೂ ನಾನೇ, ಒಂದೇ ಬೆಳಗ್ಗೆ, ಒಂದೇ ಮೈಕಿನ ಮುಂದೆ. ನಿಮ್ಮ ಮಗಳಿಗೆ ಇದೊಂದು ಹೇಳಿ. ಆ ದನಿ ಬರಲ್ಲ ಅನ್ನುವುದು ಸುಳ್ಳು ಕಂದ, ಎಲ್ಲ ದನಿಯೂ ಬರುತ್ತೆ ಅಂತ.

ದಾವಣಗೆರೆ ಅಪ್ಪ

ಇದು ನನಗೆ ಗೊತ್ತಿರಲಿಲ್ಲ ಅಕ್ಕ. ಓದಿ ಸ್ವಲ್ಪ ಹೊತ್ತು ಹಾಗೇ ಕೂತೆ.

ಯಲಬುರ್ಗಾ ಮೇಷ್ಟ್ರು

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ವಿಜ್ಞಾನ ದಿನಕ್ಕೆ ಅಂತ ಒಮ್ಮೆ ಐದನೇ ತರಗತಿಗೆ "ಒಬ್ಬ ವಿಜ್ಞಾನಿ ಚಿತ್ರ ಬಿಡಿಸ್ರಿ" ಅಂದೆ. ಅಷ್ಟೇ ಹೇಳಿದ್ದು. ಬಹುತೇಕ ಎಲ್ಲರೂ ಗಡ್ಡ, ಕನ್ನಡಕ, ಬಿಳಿ ಕೋಟು, ಕೈಯಲ್ಲಿ ಹೊಗೆ ಬರುವ ಗಾಜಿನ ಬಾಟಲಿ. ಒಬ್ಬ ಹುಡುಗಿ ಮಾತ್ರ ತಲೆಯ ಹತ್ತಿರ ಪೆನ್ಸಿಲ್ ನಿಲ್ಲಿಸಿ ಬಹಳ ಹೊತ್ತು ಯೋಚನೆ ಮಾಡಿದಳು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು ಸಣ್ಣ ದನಿಯಲ್ಲಿ "ಸರ್, ವಿಜ್ಞಾನಿಗೆ ಜಡಿ ಇರ್ತದೇನ್ರಿ?" ಅಂದಳು.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಡೇವಿಡ್ ಚೇಂಬರ್ಸ್ ಅನ್ನುವವರು ಇದೇ ಪರೀಕ್ಷೆಯ ಫಲಿತಾಂಶವನ್ನು 1983ರಲ್ಲಿ ಪ್ರಕಟಿಸಿದರು. 4,807 ಮಕ್ಕಳ ಚಿತ್ರಗಳಲ್ಲಿ ಹೆಣ್ಣು ವಿಜ್ಞಾನಿ ಇದ್ದದ್ದು 28ರಲ್ಲಿ. ಶೇಕಡಾ ಅಲ್ಲ, ಬರೀ 28 ಚಿತ್ರ. ಆ 28ನ್ನೂ ಬಿಡಿಸಿದವರು ಹುಡುಗಿಯರು. ಅಮೆರಿಕದಲ್ಲಿ ಆಮೇಲೆ ನಡೆದ ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟು ಮಾಡಿ 2018ರಲ್ಲಿ ನೋಡಿದಾಗ ಅದು ಶೇ 28ರ ಹತ್ತಿರ ಬಂದಿತ್ತು. ಅಂದರೆ ಬದಲಾಗುತ್ತದೆ. ತೋರಿಸಿದರೆ ಬದಲಾಗುತ್ತದೆ.

ತುಮಕೂರಿನ ಅಮ್ಮ ಹೇಳಿದ ಆರು ವರ್ಷ ಅನ್ನುವುದೂ ಸುಮ್ಮನೆ ಬಂದ ಲೆಕ್ಕ ಅಲ್ಲ. 2017ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. "ತುಂಬಾ ತುಂಬಾ ಬುದ್ಧಿವಂತರು" ಒಬ್ಬರ ಕಥೆ ಹೇಳಿ, ಅವರು ಯಾರಿರಬಹುದು ಅಂತ ಮಕ್ಕಳಿಗೆ ಚಿತ್ರ ತೋರಿಸಿ ಕೇಳಿದರು. ಐದು ವರ್ಷದ ಹುಡುಗಿಯರು ಹೆಂಗಸಿನ ಚಿತ್ರ ತೋರಿಸಿದರು, ಹುಡುಗರು ಗಂಡಸಿನದು. ಆರು-ಏಳಕ್ಕೆ ಬರುವಷ್ಟರಲ್ಲಿ ಹುಡುಗಿಯರು ಹಾಗೆ ತಮ್ಮವರನ್ನು ತೋರಿಸುವುದು ಕಡಿಮೆ ಆಗಿತ್ತು. ತುಂಬಾ ಬುದ್ಧಿವಂತರು ಆಡುವ ಆಟ ಅಂದರೆ "ನನಗೆ ಬೇಡ" ಅನ್ನುವುದೂ ಜಾಸ್ತಿ ಆಗಿತ್ತು. ಒಂದನೇ ತರಗತಿಯ ಬಾಗಿಲಲ್ಲೇ ಇದು ಆಗುತ್ತದೆ ಅಂದರೆ ನಾವು ಮೇಷ್ಟ್ರುಗಳು ಎಷ್ಟು ಬೇಗ ಎದ್ದು ಕೂರಬೇಕು ನೋಡಿ.

ಆ ಹುಡುಗಿಗೆ ನಾನು ಮಂಗಳಯಾನದ ಫೋಟೋ ತೋರಿಸಿದೆ. 2014ರದ್ದು, ಬೆಂಗಳೂರಿನ ಇಸ್ರೊದಲ್ಲಿ ಸೀರೆ ಉಟ್ಟು ಹೂ ಮುಡಿದ ಹೆಂಗಸರು ಅಪ್ಪಿಕೊಂಡು ನಗುತ್ತಿರುವುದು. "ನೋಡವ್ವ, ಇಷ್ಟೊಂದು ಜಡಿ" ಅಂದೆ.

ಪೀಣ್ಯ ಪಕ್ಕದ ಓದುಗಿ

ಮೇಷ್ಟ್ರೇ, ನಿಮ್ಮ ಮಾತು ಓದಿ ಖುಷಿಯಾಯಿತು, ಆದರೂ ಒಂದು ತಿದ್ದುಪಡಿ. ಆ ಫೋಟೋದಲ್ಲಿದ್ದವರು ಆಡಳಿತ ವಿಭಾಗದ ಸಿಬ್ಬಂದಿ ಅಂತ ಇಸ್ರೊ ಆಮೇಲೆ ತಿಳಿಸಿತು. ಮಾಧ್ಯಮದವರು ವಿಜ್ಞಾನಿಗಳು ಅಂತ ಬರೆದುಬಿಟ್ಟಿದ್ದರು. ಆದರೆ ಮಂಗಳಯಾನದಲ್ಲಿ ಕೆಲಸ ಮಾಡಿದ ಹೆಣ್ಣು ವಿಜ್ಞಾನಿಗಳು ನಿಜವಾಗಿಯೂ ಇದ್ದರು, ನಿಯಂತ್ರಣ ಕೊಠಡಿಯಲ್ಲೇ ಇದ್ದರು. ನಂದಿನಿ ಹರಿನಾಥ್, ರಿತು ಕರಿಧಾಲ್ ಇಬ್ಬರೂ ಆ ಯೋಜನೆಯ ಉಪ ಕಾರ್ಯಾಚರಣೆ ನಿರ್ದೇಶಕರು. ಮಕ್ಕಳಿಗೆ ಅವರ ಹೆಸರನ್ನೇ ಹೇಳಿ. ಹೆಸರಿಲ್ಲದ ಫೋಟೋಗಿಂತ ಹೆಸರಿರುವ ಒಬ್ಬರು ಹೆಚ್ಚು ದಿನ ನೆನಪಿರುತ್ತಾರೆ.

ಯಲಬುರ್ಗಾ ಮೇಷ್ಟ್ರು

ತುಂಬಾ ಧನ್ಯವಾದ ತಂಗಿ. ನಾಳೆಯೇ ತರಗತಿಯಲ್ಲಿ ನನ್ನ ತಪ್ಪು ಹೇಳಿ ಸರಿಪಡಿಸುತ್ತೇನೆ.

ಕುಂದಾಪ್ರದವ

ಎಲ್ಲರೂ ಹೆಣ್ಣುಮಕ್ಕಳ ಬಗ್ಗೆ ಬರೆಯುತ್ತಿದ್ದೀರಿ, ಬರೆಯಲೇಬೇಕು. ನಾನು ನನ್ನ ಮಗನ ಬಗ್ಗೆ ಒಂದು ಹೇಳುತ್ತೇನೆ.

ಅವನಿಗೆ ಐದು ವರ್ಷ ಇದ್ದಾಗ ಹುಟ್ಟುಹಬ್ಬಕ್ಕೆ ಆಟದ ಸಾಮಾನು ಕೊಡಿಸಲು ಪೇಟೆಗೆ ಕರೆದುಕೊಂಡು ಹೋದೆ. ಅವನು ನೇರ ಹೋಗಿ ಅಡುಗೆ ಸೆಟ್ ಎತ್ತಿಕೊಂಡ. ಪುಟ್ಟ ಕುಕ್ಕರು, ಒಲೆ, ಸೌಟು, ಎಲ್ಲ ಗುಲಾಬಿ ಬಣ್ಣ. ಡಬ್ಬದ ಮೇಲೆ ಒಬ್ಬ ಹುಡುಗಿಯ ಚಿತ್ರ. ಅಂಗಡಿಯವರು ಪ್ರೀತಿಯಿಂದಲೇ "ಅದು ಹೆಣ್ಮಕ್ಕಳದ್ದು ಮರಿ, ನಿಂದು ಆಚೆ ಸಾಲು" ಅಂದರು. ನಾನು ಬಾಯಿ ತೆಗೆಯುವ ಮೊದಲೇ ಮಗ ಡಬ್ಬ ತಿರುಗಿಸಿ ಹುಡುಗಿಯ ಚಿತ್ರ ನೋಡಿ, ಅದನ್ನು ವಾಪಸ್ ಇಟ್ಟ. ಅಳಲಿಲ್ಲ, ಹಟ ಮಾಡಲಿಲ್ಲ. ಇಟ್ಟು ಕೈ ಚಡ್ಡಿಗೆ ಒರೆಸಿಕೊಂಡ. ಮುಟ್ಟಬಾರದ್ದು ಮುಟ್ಟಿದ ಹಾಗೆ. ಅದು ಇವತ್ತಿಗೂ ನನ್ನ ಕಣ್ಣಲ್ಲಿ ಇದೆ.

ಈಗ ಕೇಳಿ. ಇವನ ಅಜ್ಜ, ಅಂದರೆ ನನ್ನ ಅಪ್ಪ, ನಲವತ್ತು ವರ್ಷ ಮದುವೆ ಮನೆ ಅಡುಗೆ ಮಾಡಿದವರು. ಐನೂರು ಎಲೆ, ಸಾವಿರ ಎಲೆ. ನಮ್ಮ ಕಡೆ ಅಡುಗೆ ಭಟ್ಟರು ಅಂದರೆ ಗಂಡಸರೇ ಅಲ್ವಾ? ಉಡುಪಿ ಹೋಟೆಲುಗಳ ಒಳಗೆ ದೋಸೆ ಕಾವಲಿ ಮುಂದೆ ನಿಂತವರು ಯಾರು? ಇಷ್ಟೆಲ್ಲ ಇರುವ ಊರಿನಲ್ಲಿ ನನ್ನ ಮಗನಿಗೆ ಸೌಟು ಹೆಣ್ಣಿನದು ಅಂತ ಹೇಳಿಕೊಟ್ಟದ್ದು ಒಂದು ಡಬ್ಬದ ಮೇಲಿನ ಚಿತ್ರ. ಜಾಹೀರಾತಿನಲ್ಲೂ ಗಮನಿಸಿ. ಗಂಡಸು ಅಡುಗೆಮನೆಗೆ ಬಂದರೆ ತಲೆ ಮೇಲೆ ಬಿಳಿ ಟೋಪಿ ಇರುತ್ತದೆ, ಅವನು ಶೆಫ್. ಹೆಂಗಸು ಬಂದರೆ ಬರೀ ಅಮ್ಮ. ದುಡ್ಡು ಬರುವ ಅಡುಗೆ ಅವನದು, ದುಡ್ಡಿಲ್ಲದ್ದು ಅವಳದು. ದಾವಣಗೆರೆಯವರು ಹೇಳಿದ 289 ನಿಮಿಷ ಇದೆಯಲ್ಲ, ಅದು ಆ ಎರಡನೆಯದು.

ಅವತ್ತು ಅಂಗಡಿಯಲ್ಲಿ ನಾನು ಏನೂ ಹೇಳದೆ ಬಂದೆ. ಅದಕ್ಕೆ ಬೇಜಾರಿದೆ.

ಚನ್ನಪಟ್ಟಣದ ಹುಡುಗ

ನಮ್ಮೂರ ಗೊಂಬೆಗಳಲ್ಲಿ ಈ ಸಾಲು ಆ ಸಾಲು ಅಂತ ಇರಲಿಲ್ಲ. ಗಿಲಕಿ, ಬುಗುರಿ, ತಳ್ಳುವ ಗಾಡಿ, ಹಾಲೆ ಮರದ್ದು, ಅರಗಿನ ಬಣ್ಣದ್ದು. ಕೆಂಪು, ಹಳದಿ, ಹಸಿರು. ಯಾವ ಮಗು ಬಂದರೂ ಅದೇ. ಈಗ ಆರ್ಡರ್ ಕೊಡುವ ಕೆಲವರು "ಹುಡುಗಿಯರಿಗೆ ಪಿಂಕ್‌ನಲ್ಲಿ ಮಾಡಿಕೊಡಿ" ಅನ್ನುತ್ತಾರೆ. ನಮ್ಮಪ್ಪನಿಗೆ ಅದು ಮೊದಲು ಅರ್ಥವೇ ಆಗಿರಲಿಲ್ಲ. ಇದು ನಮ್ಮ ಅಜ್ಜಿಯರ ಕಾಲದ ಪದ್ಧತಿ ಅಲ್ಲ. ಹಳೇ ಸೀರೆ ಯಾವ ಬಣ್ಣದ್ದಿತ್ತೋ ಅದರಲ್ಲೇ ಎಲ್ಲ ಮಕ್ಕಳನ್ನೂ ಸುತ್ತುತ್ತಿದ್ದರು.

ರಾಯಚೂರು ಬಿಸಿಲು

ನನಗೆ ಈಗ 24. ಏಳನೇ ಕ್ಲಾಸಿನಲ್ಲಿದ್ದಾಗ ಬಿಳಿ ಆಗುವ ಕ್ರೀಮಿನ ಜಾಹೀರಾತು ದಿನಾ ಬರುತ್ತಿತ್ತು. ಮುಖದ ಬಣ್ಣದ ಪಟ್ಟಿ ಕಪ್ಪಿನಿಂದ ಬಿಳಿಗೆ ಸರಿಯುತ್ತಾ ಹೋಗುವುದು, ಕೊನೆಗೆ ಕೆಲಸ ಸಿಗುವುದು. ನಾನು ಸ್ನಾನದ ಮನೆಯಲ್ಲಿ ಕನ್ನಡಿ ಮುಂದೆ ನಿಂತು ಮುಖವನ್ನು ಕುತ್ತಿಗೆ ಜೊತೆ ಹೋಲಿಸಿ ನೋಡುತ್ತಿದ್ದೆ. ಒಂದು ವರ್ಷ ಆಟದ ಪಿರಿಯಡ್‌ಗೆ ಹೊಟ್ಟೆನೋವು ಅಂತ ಸುಳ್ಳು ಹೇಳಿದೆ, ಬಿಸಿಲಿಗೆ ಹೋಗಬಾರದು ಅಂತ. ನಾನು ಖೋಖೋ ಚೆನ್ನಾಗಿ ಆಡುತ್ತಿದ್ದೆ. ಆ ವರ್ಷ ಟೀಮಿನಿಂದ ನನ್ನ ಹೆಸರು ಹೋಯಿತು, ಮತ್ತೆ ಸೇರಲೇ ಇಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ.

ಅಂಥ ಕ್ರೀಮುಗಳಲ್ಲಿ ಪ್ರಸಿದ್ಧವಾದ, 1975ರಿಂದ ಇದ್ದ ಒಂದು, 2020ರಲ್ಲಿ ಹೆಸರಿನಿಂದ ಬಿಳುಪಿನ ಪದ ತೆಗೆಯಿತು. ಒಳ್ಳೆಯದಾಯಿತು. ಆದರೆ ಹೆಸರು ಹೋದರೆ ಸಾಲದು. ಯುನಿಸೆಫ್ ಮತ್ತು ಪರದೆ ಮೇಲೆ ಹೆಣ್ಣು-ಗಂಡನ್ನು ಹೇಗೆ ತೋರಿಸುತ್ತಾರೆ ಅಂತ ಅಧ್ಯಯನ ಮಾಡುವ ಗೀನಾ ಡೇವಿಸ್ ಸಂಸ್ಥೆ ಸೇರಿ 2019ರ ಸಾವಿರಕ್ಕೂ ಹೆಚ್ಚು ಭಾರತೀಯ ಜಾಹೀರಾತು ನೋಡಿ 2021ರಲ್ಲಿ ವರದಿ ಕೊಟ್ಟವು. ಅದರಲ್ಲಿ ಹೆಣ್ಣು ಪಾತ್ರಗಳಲ್ಲಿ ಶೇ 66.9ರಷ್ಟು ತಿಳಿ ಬಣ್ಣದವರು, ಗಂಡು ಪಾತ್ರಗಳಲ್ಲಿ ಶೇ 52.1. ವಿಚಿತ್ರ ಅಂದರೆ ಪರದೆ ಮೇಲೆ ಕಾಣುವ ಹೊತ್ತು, ಮಾತಾಡುವ ಹೊತ್ತು ಎರಡರಲ್ಲೂ ಹೆಂಗಸರೇ ಮುಂದೆ ಇದ್ದರು. ಅಂದರೆ ನಾವು ಕಾಣುತ್ತಿಲ್ಲ ಅನ್ನುವುದಲ್ಲ ಸಮಸ್ಯೆ. ಯಾವ ಬಣ್ಣದಲ್ಲಿ, ಏನು ಮಾಡುತ್ತಾ ಕಾಣುತ್ತೇವೆ ಅನ್ನುವುದು.

ತುಮಕೂರಿನ ಅಮ್ಮ

ರಾಯಚೂರಿನ ತಂಗಿ, ನೀನು ಬರೆದದ್ದನ್ನು ಎರಡು ಸಲ ಓದಿದೆ. ಖೋಖೋ ವಿಷಯ ಓದಿ ಕಣ್ಣು ತುಂಬಿತು. ಬರೆದಿದ್ದಕ್ಕೆ ಧನ್ಯವಾದ ಕಣಮ್ಮ.

ಲೆಸ್ಟರ್ ಕನ್ನಡಿಗ

ನಾನು ಇರುವ ಬ್ರಿಟನ್ನಿನಲ್ಲಿ 2019ರ ಜೂನ್‌ನಿಂದ ಇದಕ್ಕೆ ನಿಯಮ ಇದೆ. ಹೆಣ್ಣು ಅಂದರೆ ಹೀಗೆ, ಗಂಡು ಅಂದರೆ ಹೀಗೆ ಅನ್ನುವ, ಹಾನಿ ಮಾಡುವಂಥ ಅಚ್ಚುಗಳನ್ನು ಜಾಹೀರಾತಿನಲ್ಲಿ ತೋರಿಸುವ ಹಾಗಿಲ್ಲ. ಆಗಸ್ಟಿನಲ್ಲೇ ಎರಡು ಜಾಹೀರಾತು ನಿಂತವು. ಒಂದು ಫಿಲಡೆಲ್ಫಿಯಾ ಚೀಸ್‌ನದು. ಇಬ್ಬರು ಅಪ್ಪಂದಿರು ತಿಂಡಿ ತಿನ್ನುತ್ತಾ ಮೈಮರೆತು, ಮಕ್ಕಳು ತಿಂಡಿ ಸಾಗಿಸುವ ಬೆಲ್ಟಿನ ಮೇಲೆ ಹೋಗುತ್ತಿರುವುದೇ ಗೊತ್ತಾಗದ ಹಾಗೆ ತೋರಿಸಿದ್ದರು. ಇನ್ನೊಂದು ಫೋಕ್ಸ್‌ವ್ಯಾಗನ್ ಕಾರಿನದು. ಗಂಡಸರು ಬಾಹ್ಯಾಕಾಶದಲ್ಲಿ ತೇಲುತ್ತಾರೆ, ಓಡುತ್ತಾರೆ. ಹೆಂಗಸು ಬೆಂಚಿನ ಮೇಲೆ ಮಗುವಿನ ಗಾಡಿ ಪಕ್ಕ ಕೂತಿರುತ್ತಾಳೆ. ಚೀಸಿನದಕ್ಕೆ 128 ದೂರು ಬಂದಿತ್ತು. ಕಾರಿನದಕ್ಕೆ ಬಂದದ್ದು ಮೂರೇ ಮೂರು. ಮೂರು ಜನ ಬರೆದರು, ಜಾಹೀರಾತು ಹೋಯಿತು.

ಇಲ್ಲಿ ಕೆಲವರಿಗೆ ಇದು ಅತಿ ಅನ್ನಿಸಿತು. ನನಗೆ ಅನ್ನಿಸಲಿಲ್ಲ. ಚೀಸಿನ ಜಾಹೀರಾತು ಅಪ್ಪಂದಿರಿಗೆ ಮಾಡಿದ ಅವಮಾನ. ನನ್ನ ಮಗಳನ್ನು ಹುಟ್ಟಿದಾಗಿನಿಂದ ಸ್ನಾನ ಮಾಡಿಸಿದವನು ನಾನು.

ಹುಬ್ಬಳ್ಳಿ ಗ್ರಾಹಕ

ನಮ್ಮಲ್ಲಿ ನಿಯಮ ಇಲ್ಲ ಅಂತ ಯಾರೂ ಅಂದುಕೊಳ್ಳಬೇಡ್ರಿ. ಬ್ರಿಟನ್ನಿಗಿಂತ ಬಹಳ ಮೊದಲೇ ಇದೆ. 1994ರ ಕೇಬಲ್ ಟೆಲಿವಿಷನ್ ನಿಯಮಗಳ ಏಳನೇ ನಿಯಮ ತೆಗೆದು ಓದಿ. ಹೆಂಗಸರನ್ನು ಮೆತ್ತಗೆ ತಲೆಬಾಗುವವರ ಹಾಗೆ, ಮನೆಯಲ್ಲಿ ಸಮಾಜದಲ್ಲಿ ಎರಡನೇ ಸ್ಥಾನದವರ ಹಾಗೆ ಇರಲು ಉತ್ತೇಜನ ಕೊಡುವ ಜಾಹೀರಾತು ತೋರಿಸುವಂತಿಲ್ಲ ಅಂತ ಅದರಲ್ಲೇ ಇದೆ. ಮೂವತ್ತು ವರ್ಷ ಆಯಿತು.

ಇನ್ನು ಜಾಹೀರಾತು ಕಂಪನಿಗಳೇ ಕಟ್ಟಿಕೊಂಡ ಎಎಸ್‌ಸಿಐ ಅನ್ನುವ ಸ್ವಯಂ ನಿಯಂತ್ರಣ ಮಂಡಳಿ 1985ರಿಂದ ಇದೆ. ಅದು 2022ರ ಜೂನ್‌ನಲ್ಲಿ ಇದಕ್ಕಾಗಿಯೇ ಮಾರ್ಗಸೂಚಿ ತಂದಿತು. ಅದರಲ್ಲಿ ಹೆಂಗಸು ಮನೆ ಒರೆಸುವುದನ್ನು ತೋರಿಸಬಾರದು ಅಂತ ಇಲ್ಲ. ಅದು ಹೆಂಗಸಿನ ಕೆಲಸ ಮಾತ್ರ, ಬೇರೆ ಯಾರೂ ಮಾಡುವುದಿಲ್ಲ ಅನ್ನುವ ಹಾಗೆ ತೋರಿಸಬಾರದು ಅಂತಿದೆ. ಮಕ್ಕಳ ಬಗ್ಗೆ ಬೇರೆಯೇ ಹೇಳಿದ್ದಾರೆ. ಯಾವ ಆಟಿಕೆಯೂ, ಆಟವೂ, ಮುಂದೆ ಮಾಡಬೇಕಾದ ಕೆಲಸವೂ ಹುಡುಗನಿಗೆ ಸಲ್ಲದು, ಹುಡುಗಿಗೆ ಸಲ್ಲದು ಅನ್ನುವಂತಿರಬಾರದು. ಗೊಂಬೆ ಹಿಡಿದ ಹುಡುಗನನ್ನು, ಕುಣಿದಾಡುವ ಹುಡುಗಿಯನ್ನು ಗದರಿಸುವುದನ್ನೂ ಉದಾಹರಣೆಯಾಗಿ ಕೊಟ್ಟಿದ್ದಾರೆ. ಕುಂದಾಪುರದವರೇ, ನಿಮ್ಮ ಮಗನ ಕಥೆ ಆ ನಿಯಮದೊಳಗೇ ಇದೆ.

ಅದೇ 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೂ ಮಾರ್ಗಸೂಚಿ ಹೊರಡಿಸಿತು. ಅದು ಕಾನೂನಿನ ಬಲ ಇರುವಂಥದ್ದು. ಮಕ್ಕಳಲ್ಲಿ ತಮ್ಮ ಮೈ ಬಗ್ಗೆ ಕೀಳು ಭಾವನೆ ಹುಟ್ಟಿಸಬಾರದು, ಸರಿಯಾದ ಪುರಾವೆ ಇಲ್ಲದೆ ಇದು ಕುಡಿದರೆ ಬುದ್ಧಿ ಬರುತ್ತದೆ ಶಕ್ತಿ ಬರುತ್ತದೆ ಅನ್ನಬಾರದು ಅಂತ ಅಲ್ಲಿದೆ.

ಎಎಸ್‌ಸಿಐ ವೆಬ್‌ಸೈಟಿನಲ್ಲಿ ದೂರು ಕೊಡುವುದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಜಾಹೀರಾತು ಯಾವ ಚಾನೆಲ್ಲಿನಲ್ಲಿ, ಯಾವ ದಿನ, ಎಷ್ಟು ಹೊತ್ತಿಗೆ ಬಂತು ಅಂತ ಬರೆದಿಟ್ಟುಕೊಳ್ಳಿ. ಮೊಬೈಲಿನಲ್ಲಿ ಬಂದದ್ದಾದರೆ ಸ್ಕ್ರೀನ್‌ಶಾಟ್ ತೆಗೆಯಿರಿ. ಏನು ತಪ್ಪು ಅಂತ ಎರಡು ಸಾಲು ಸಾಕು.

ಸುದ್ದಿಮನೆ

ಜಾಹೀರಾತಿನ ನಡುವೆ ಬರುವ ಸುದ್ದಿಯ ಕನ್ನಡವನ್ನೂ ಕೇಳಿಸಿಕೊಳ್ಳಿ. ನಾನು ಆ ಕೆಲಸದಲ್ಲಿ ಇದ್ದವನು. ಹೆಂಗಸು ಕಳ್ಳತನದಲ್ಲಿ ಸಿಕ್ಕಿಬಿದ್ದರೆ "ಐನಾತಿ ಲೇಡಿ", "ಖತರ್ನಾಕ್ ಆಂಟಿ". ಗಂಡಸಾದರೆ ಬರೀ ಆರೋಪಿ. ಹೆಂಗಸರು ಮೆರವಣಿಗೆ ಮಾಡಿದರೆ "ನಾರಿಮಣಿಗಳು". ರಾಜಕಾರಣಿ ಮೈಕ್ ಮುಂದೆ "ನಾವೇನು ಬಳೆ ತೊಟ್ಟುಕೊಂಡಿದ್ದೀವಾ?" ಅನ್ನುತ್ತಾರೆ, ನಾವು ಅದನ್ನೇ ದೊಡ್ಡ ಅಕ್ಷರದಲ್ಲಿ ದಿನವಿಡೀ ಓಡಿಸುತ್ತೇವೆ. ಊಟದ ತಟ್ಟೆ ಮುಂದೆ ಕೂತ ಹುಡುಗಿ ತನ್ನ ಕೈಯ ಬಳೆ ನೋಡಿಕೊಳ್ಳುತ್ತಾಳೆ. ಅಂಥ ಸಾಲುಗಳನ್ನು ನಾನೂ ಬರೆದಿದ್ದೇನೆ. ಈಗ ಬರೆಯುವುದಿಲ್ಲ.

ಪದ ಬದಲಾಗುವುದಿಲ್ಲ ಅನ್ನಬೇಡಿ. 2021ರಲ್ಲಿ ಕ್ರಿಕೆಟ್ ನಿಯಮದಲ್ಲಿ "ಬ್ಯಾಟ್ಸ್‌ಮನ್" ಹೋಗಿ "ಬ್ಯಾಟರ್" ಬಂತು. ಮೊದಮೊದಲು ನಾಲಿಗೆ ತೊಡರುತ್ತಿತ್ತು. ಈಗ ಕನ್ನಡ ಪತ್ರಿಕೆಗಳೂ ಹಾಗೇ ಬರೆಯುತ್ತವೆ.

ಕುಂದಾಪ್ರದವ

ಕ್ರಿಕೆಟ್ ಅಂದಿರಿ, ಹೇಳುತ್ತೇನೆ. 2024ರಲ್ಲಿ ಆರ್‌ಸಿಬಿ ಹೆಣ್ಣುಮಕ್ಕಳ ತಂಡ ಕಪ್ ಗೆದ್ದಿತಲ್ಲ, ನಮ್ಮ ಶ್ರೇಯಾಂಕಾ ಪಾಟೀಲ್ ಆ ಸಲ ಎಲ್ಲರಿಗಿಂತ ಜಾಸ್ತಿ ವಿಕೆಟ್ ತೆಗೆದರು. ಅವತ್ತಿಂದ ನನ್ನ ಮಗ ಬೌಲಿಂಗ್ ಮಾಡುವಾಗ "ನಾನು ಶ್ರೇಯಾಂಕಾ" ಅನ್ನುತ್ತಾನೆ. ಗಂಡುಹುಡುಗ ಹೆಣ್ಣಿನ ಹೆಸರು ಇಟ್ಟುಕೊಂಡು ಆಡುವುದನ್ನು ನಾನು ನನ್ನ ಬಾಲ್ಯದಲ್ಲಿ ಕಂಡೇ ಇರಲಿಲ್ಲ.

ಪೀಣ್ಯ ಪಕ್ಕದ ಓದುಗಿ

ಒಳ್ಳೆಯ ಜಾಹೀರಾತೂ ಬಂದಿದೆ. ಹೆಂಗಸು ಸಿಕ್ಸ್ ಹೊಡೆದಾಗ ಹುಡುಗ ಮೈದಾನಕ್ಕೆ ನುಗ್ಗಿ ಕುಣಿಯುವ ಕ್ಯಾಡ್ಬರಿಯದು, 2021ರದ್ದು. ತೊಂಬತ್ತರ ದಶಕದಲ್ಲಿ ಕುಣಿದವಳು ಹುಡುಗಿ, ಹೊಡೆದವನು ಹುಡುಗ. ಕೇರಳದಲ್ಲಿ 2024ರಲ್ಲಿ ಮೂರನೇ ತರಗತಿ ಪುಸ್ತಕದಲ್ಲಿ ಅಪ್ಪ ತೆಂಗಿನಕಾಯಿ ತುರಿಯುತ್ತಿರುವ ಚಿತ್ರ ಹಾಕಿದರು. ಒಂದು ಚಿತ್ರ ಅಷ್ಟೇ. ಅದು ದೇಶಕ್ಕೆಲ್ಲ ಸುದ್ದಿ ಆಯಿತು. ಅಪ್ಪ ಕಾಯಿ ತುರಿದರೆ ಸುದ್ದಿ ಅಂದರೆ ನಾವು ಎಲ್ಲಿ ನಿಂತಿದ್ದೇವೆ ಅಂತ ತಿಳಿಯುತ್ತದೆ.

ಯಲಬುರ್ಗಾ ಮೇಷ್ಟ್ರು

ಯುನಿಸೆಫ್‌ನ ಕಾರ್ಟೂನ್ ಹುಡುಗಿ ಮೀನಾ ನೆನಪಾದಳು. ಗಿಳಿ ಮಿಠ್ಠು, ತಮ್ಮ ರಾಜು. ತನಗೆ ಮಾವಿನಹಣ್ಣಿನ ಸಣ್ಣ ಪಾಲು ಯಾಕೆ ಅಂತ ಕೇಳುತ್ತಾಳೆ. ಇಬ್ಬರೂ ಒಂದು ದಿನ ಕೆಲಸ ಅದಲುಬದಲು ಮಾಡಿಕೊಳ್ಳುತ್ತಾರೆ. ಸಂಜೆ ಹೊತ್ತಿಗೆ ರಾಜು ಸುಸ್ತಾಗಿ ಬೀಳುತ್ತಾನೆ. ಈ ಕಥೆ ಹೇಳಿದಾಗ ತರಗತಿಯ ಹುಡುಗರೇ "ಪಾಪ ಮೀನಾ" ಅನ್ನುತ್ತಾರೆ. ಯಾವ ಭಾಷಣಕ್ಕೂ ಅವರು ಹಾಗೆ ಅಂದಿದ್ದಿಲ್ಲ.

ದಾವಣಗೆರೆ ಅಪ್ಪ

ಒಂದು ವಾರದಿಂದ ಓದುತ್ತಿದ್ದೇನೆ. ಮೊನ್ನೆ ಸಂಜೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಾಹೀರಾತು ನೋಡುತ್ತಾ ಕ್ಯಾಲೆಂಡರಿನ ಹಿಂದೆ ಎರಡು ಕಾಲಂ ಹಾಕಿದೆವು. ಕೆಲಸ ಮಾಡುವವರು ಯಾರು, ಉತ್ತರ ಹೇಳುವವರು ಯಾರು. ಅವನು ಗೀಟು ಎಳೆದ. ಅರ್ಧ ಗಂಟೆಗೆ ಅವನೇ "ಅಪ್ಪಾ, ಈ ಕಡೆ ಜಾಗ ಸಾಲ್ತಿಲ್ಲ" ಅಂದ. ಅಮ್ಮಂದಿರ ಕಾಲಂ.

ಆದರೂ ನನ್ನ ಮಾತು ಪೂರ್ತಿ ಬಿಡುವುದಿಲ್ಲ. ಮನೆಯೇ ದೊಡ್ಡದು. ಆದರೆ ಒಂದು ವ್ಯತ್ಯಾಸ ಈಗ ಕಾಣುತ್ತಿದೆ. ನಾವು ನೋಡುವಾಗ ಇಡೀ ಮನೆ ಒಟ್ಟಿಗೆ ಕೂತಿತ್ತು. ಜಾಹೀರಾತು ಬಂದರೆ ನನ್ನ ಅಜ್ಜಿ "ಇವಳಿಗೆ ಬಟ್ಟೆ ಒಗೆಯೋದು ಬಿಟ್ಟು ಬೇರೆ ಬದುಕಿಲ್ವಾ?" ಅಂತ ಬೈಯುತ್ತಿದ್ದರು. ಅಕ್ಕಂದಿರು ಅದನ್ನೂ ಕೇಳಿಸಿಕೊಂಡರು. ಈಗ ನನ್ನ ಮಗ ಮೊಬೈಲಿನಲ್ಲಿ ಒಬ್ಬನೇ ನೋಡುತ್ತಾನೆ. ಅವನಿಗೆ ಬರುವ ಜಾಹೀರಾತು ನನಗೆ ಬರುವುದಿಲ್ಲ. ಬೈಯುವ ಅಜ್ಜಿ ಪಕ್ಕದಲ್ಲಿ ಇಲ್ಲ. ಮನೆ ಕಲಿಸುತ್ತದೆ ಅಂತ ನಾನು ಹೇಳಿದೆ, ಆದರೆ ಮಗು ನೋಡುವಾಗ ಮನೆಯವರು ಯಾರೂ ಅಲ್ಲಿ ಇಲ್ಲವಲ್ಲ.

ಕಂಠದಾನ

ಅಜ್ಜಿ ಬೈಗುಳ ಓದಿ ತುಂಬಾ ಖುಷಿಯಾಯಿತು ಅಣ್ಣ. ಅಂಥ ಅಜ್ಜಿ ಎಲ್ಲ ಮನೆಯಲ್ಲೂ ಇರಬೇಕು.

ತುಮಕೂರಿನ ಅಮ್ಮ

ಎಲ್ಲರಿಗೂ ಉತ್ತರ ಬರೆಯಬೇಕು, ಈಗ ಒಂದು ವಿಷಯ ಮಾತ್ರ.

ಶುಕ್ರವಾರ ಮಗಳಿಗೆ ಕೆಮ್ಮು ಅಂತ ಡಾಕ್ಟರ ಹತ್ತಿರ ಹೋಗಿದ್ದೆವು. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟಾಗ ಅವಳೇ ಕೇಳಿದಳು: "ಡಾಕ್ಟರಾಂಟಿ, ನೀವು ಟಿವೀಲಿ ಯಾಕೆ ಬರಲ್ಲ?" ಅವರು ಸ್ಟೆತಸ್ಕೋಪ್ ತೆಗೆದು ಕುರ್ಚಿ ಹತ್ತಿರ ಎಳೆದುಕೊಂಡು ಸರಿಯಾಗಿ ಉತ್ತರ ಕೊಟ್ಟರು. "ನಿಜವಾದ ಡಾಕ್ಟರ್‌ಗಳು ಅಂಥ ಜಾಹೀರಾತಿಗೆ ಬರೋ ಹಾಗಿಲ್ಲ ಪುಟ್ಟಿ. ನಮಗೆ ನಿಯಮ ಇದೆ, ಇದನ್ನು ಕುಡೀರಿ ಅದನ್ನು ಹಚ್ಕೊಳ್ಳಿ ಅಂತ ಕಂಪನಿ ಪರವಾಗಿ ಹೇಳಬಾರದು. ಟಿವೀಲಿ ಬರೋರು ಡಾಕ್ಟರ್ ಪಾರ್ಟು ಮಾಡೋ ನಟರು." ನನಗೂ ಇದು ಹೊಳೆದಿರಲಿಲ್ಲ. ಮಗಳು ಬಾಯಿ ತೆರೆದುಕೊಂಡು ಕೇಳಿದಳು. ಸ್ಕೂಟರಿನಲ್ಲಿ ಬರುವಾಗ ದಾರಿ ಉದ್ದಕ್ಕೂ "ಸುಳ್ಳು ಡಾಕ್ಟರಾ? ಎಲ್ಲರೂ ಸುಳ್ಳಾ?" ಅಂತ ಕೇಳುತ್ತಲೇ ಇದ್ದಳು. ಕಂಠದಾನ ಅಕ್ಕ ಹೇಳಿದ್ದನ್ನೂ ಹೇಳಿದೆ, ಗೆದ್ದೆ ಅಂತ ಕೂಗುವ ಹುಡುಗನ ದನಿ ಒಬ್ಬ ಆಂಟಿಯದು ಅಂತ. ಅದನ್ನಂತೂ ನಂಬಲೇ ಇಲ್ಲ. ಅಕ್ಕ, ಸಾಧ್ಯವಾದರೆ ಒಂದು ವಾಯ್ಸ್ ಮೆಸೇಜ್ ಕಳಿಸುತ್ತೀರಾ? ಅವಳು ಕಿವಿಯಾರೆ ಕೇಳಲಿ.

ಇವತ್ತು ಮತ್ತೆ ಅದೇ ಆಟ ಆಡಿದರು. ಬಿಳಿ ಅಂಗಿಗೆ ಜಗಳ. ನನ್ನ ಮಗಳು "ನಾನು ನಿಜವಾದ ಡಾಕ್ಟರ್, ನೀನು ಟಿವಿ ಡಾಕ್ಟರ್" ಅಂತ ಅವನಿಂದ ಎಳೆದುಕೊಂಡಳು. ದನಿ ದಪ್ಪ ಮಾಡಲಿಲ್ಲ, ನಮ್ಮ ಡಾಕ್ಟರ್ ಹಾಗೆಯೇ ಮೆತ್ತಗೆ "ಬಾಯಿ ತೆಗಿ, ಆ ಅನ್ನು" ಅಂದಳು. ಖುಷಿಯಾಯಿತು. ಆದರೆ ಆಮೇಲೆ ಒಂದು ತೊಂದರೆ ಬಂತು. ಅಮ್ಮ ಆಗಲು ಯಾರೂ ಒಪ್ಪಲಿಲ್ಲ. ಹುಡುಗರೂ ಇಲ್ಲ, ಹುಡುಗಿಯರೂ ಇಲ್ಲ. ಆ ತಟ್ಟೆ ಮೆಟ್ಟಿಲ ಮೇಲೆ ಹಾಗೇ ಇತ್ತು, ಎಲ್ಲರೂ ಅದನ್ನು ದಾಟಿಕೊಂಡು ಓಡಾಡಿದರು. ಅದನ್ನು ನೋಡಿ ನನಗೆ ಬೇರೆ ರೀತಿಯ ಸಂಕಟ. ದಿನಾ ನಾನು ಮಾಡುವ ಕೆಲಸ ಯಾರಿಗೂ ಬೇಡವಾದದ್ದು ಆಗಬೇಕು ಅಂತ ನಾನು ಕೇಳಿರಲಿಲ್ಲ.

ಕೊನೆಗೆ ಪಕ್ಕದ ಮನೆ ಹುಡುಗನ ತಮ್ಮ, ಮೂರು ವರ್ಷದವನು, ಎರಡೂ ಕೈಯಲ್ಲಿ ತಟ್ಟೆ ಎತ್ತಿಕೊಂಡ. "ನಾನು ಅಮ್ಮ" ಅಂದ. ಮೂರೂ ಲೋಟದ ನೀರು ಅಂಗಿ ಮೇಲೆ ಚೆಲ್ಲಿಕೊಂಡು ಒಬ್ಬೊಬ್ಬರ ಹತ್ತಿರವೂ ಹೋಗಿ "ಕುಡಿ, ಕುಡಿ" ಅಂದ. ಎಲ್ಲರೂ ಖಾಲಿ ಲೋಟ ಎತ್ತಿ ಕುಡಿದರು.